ಅಂಗಾಂಶದೊಳಗಿನ ಅಣುವನ್ನು ಕಾಣುವ ವಿದ್ಯೆ: ಬಿಳಿಗೆರೆಯ ನೆಲೆಯಿಂದ ಒಂದು ಚಾರಿತ್ರಿಕ ಸಮೀಕ್ಷೆ

೧

ರೋಗದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೂರು ಬಗೆಯ ಆಧಾರಗಳನ್ನು ನೆಚ್ಚುತ್ತಾರೆ. ಮೊದಲನೆಯದು ಗ್ರಂಥ, ಎರಡನೆಯದು ಸರ್ಕಾರದ ಕಡತ ಮತ್ತು ಶಾಸನ, ಮೂರನೆಯದು ಭೂಮಿಯಲ್ಲಿ ಉಳಿದುಬಂದ ಅಸ್ಥಿ. ಇವಲ್ಲದೆ ನಾಲ್ಕನೆಯದೊಂದು ಆಧಾರವುಂಟು, ಅದೇ ಅಂಗಾಂಶ. ಒಂದೇ ಬಗೆಯ ಕೆಲಸಕ್ಕಾಗಿ ಕೂಡಿ ನಿಂತ ಜೀವಕೋಶಗಳ ಹಾಸಿಗೆ ಈ ಹೆಸರು. ರೋಗವು ಮೊದಲು ತನ್ನ ಗುರುತನ್ನು ಬರೆಯುವುದು ಅಲ್ಲಿಯೇ. ಆದರೆ ಆ ಬರಹ ಬಹುಬೇಗ ಅಳಿಯತಕ್ಕದ್ದು. ಕೊಯ್ದು ಕಾಪಾಡದಿದ್ದರೆ ಕೆಲವು ಗಂಟೆಗಳಲ್ಲಿ ಕೊಳೆತುಹೋಗುವುದು. ಆದಕಾರಣ ಈ ನಾಲ್ಕನೆಯ ಆಧಾರದ ಚರಿತ್ರೆಯೆಂದರೆ, ಅದನ್ನು ಕಾಪಾಡಿ ಓದಲು ಮನುಷ್ಯನು ಕಲಿತ ವಿದ್ಯೆಯ ಚರಿತ್ರೆಯೇ ಆಗಿದೆ.

ಈ ವಿದ್ಯೆ ಇಂದು ಬಹಳ ದೂರ ಸಾಗಿದೆ. ಜೀವಕೋಶದ ಆಕಾರವನ್ನಷ್ಟೇ ಅಲ್ಲ, ಅದರೊಳಗೆ ಯಾವ ಅಣು ಎಲ್ಲಿ ಎಷ್ಟಿದೆಯೆಂಬುದನ್ನು ಚಿತ್ರವಾಗಿ ಬಿಡಿಸಿ ತೋರಿಸುವ ಉಪಕರಣಗಳು ಬಂದಿವೆ. ಇದನ್ನು ಆಣವಿಕ ಚಿತ್ರಣವೆಂದು ಕರೆಯಬಹುದು. ಇಂಥ ವಿದ್ಯೆಯ ಇತಿಹಾಸವನ್ನು ಅದು ಹುಟ್ಟಿದ ಪ್ರಯೋಗಾಲಯದ ಕಡೆಯಿಂದ ಹೇಳುವುದು ವಾಡಿಕೆ. ಅದು ತಲುಪಬೇಕಾದ ಊರಿನ ಕಡೆಯಿಂದ ನೋಡಿದರೆ ಅದೇ ಇತಿಹಾಸ ಬೇರೆಯಾಗಿ ಕಾಣುವುದೆಂಬುದು ನಮ್ಮ ಅಭಿಪ್ರಾಯ. ಆ ಕಾರಣದಿಂದ ನಾವು ಮೈಸೂರು ಜಿಲ್ಲೆಯ ನಂಜನಗೂಡು, ತಿರುಮಕೂಡಲು ನರಸೀಪುರಗಳ ಸೀಮೆಗೆ ಸೇರಿದ ಬಿಳಿಗೆರೆಯನ್ನು ನಮ್ಮ ನೋಟದ ನೆಲೆಯಾಗಿ ಆರಿಸಿಕೊಂಡಿದ್ದೇವೆ. ಬಿಳಿಗೆರೆಯಲ್ಲಿ ಪ್ರಸಿದ್ಧವಾದ ಪ್ರಯೋಗಾಲಯವಿಲ್ಲ. ಕರ್ನಾಟಕದ ಅಸಂಖ್ಯ ಊರುಗಳಲ್ಲಿಯೂ ಇಲ್ಲ. ಅದೇ ಈ ಆಯ್ಕೆಗೆ ತಕ್ಕ ಕಾರಣ.

ಈ ಸೀಮೆಗೂ ರೋಗಕ್ಕೂ ಇರುವ ಸಂಬಂಧ ಹಳೆಯದು. ನಂಜನ್ನು ಉಂಡವನೇ ನಂಜುಂಡ. ಅವನ ಊರೇ ನಂಜನಗೂಡು. ಕಣ್ಣು ಕಳೆದುಕೊಂಡ ತನ್ನ ಆನೆಗೆ ಈ ದೇವರ ಸೇವೆಯಿಂದ ಗುಣವಾಯಿತೆಂದು ಟಿಪ್ಪು ಸುಲ್ತಾನನು ನಂಜುಂಡೇಶ್ವರನನ್ನು 'ಹಕೀಮ' ಎಂದು ಕರೆದನೆಂಬ ಪ್ರತೀತಿಯುಂಟು. ರೋಗ ಗುಣವಾಗಲೆಂದು ಹರಕೆ ಹೊತ್ತು ಉರುಳುಸೇವೆ ಮಾಡುವ ಪದ್ಧತಿ ಇಲ್ಲಿದೆ. ೧೯೧೩ರಲ್ಲಿ ಬಿ. ವಿ. ಪಂಡಿತರು ಇದೇ ಊರಿನಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅಲ್ಲಿಯ ಹಲ್ಲುಪುಡಿ ನಾಡಿನ ಮನೆಮನೆಯನ್ನು ಮುಟ್ಟಿತು. ಕನ್ನಡದಲ್ಲಿ ವಿಷವೈದ್ಯಕ್ಕೇ ಮೀಸಲಾದ ಗ್ರಂಥವೊಂದು, ಮಂಗರಾಜನ 'ಖಗೇಂದ್ರಮಣಿದರ್ಪಣ', ಹದಿನಾಲ್ಕನೆಯ ಶತಮಾನದಷ್ಟು ಹಿಂದೆಯೇ ರಚಿತವಾಗಿತ್ತು. ಇವೆಲ್ಲವೂ ರೋಗದ ಹೊರ ಲಕ್ಷಣವನ್ನು ಬಲ್ಲ ವಿದ್ಯೆಗಳು. ನಾಡಿ, ನಾಲಿಗೆ, ಕಣ್ಣು, ಮೈಬಣ್ಣ ಇವು ಅವುಗಳ ಅಕ್ಷರಮಾಲೆ. ಅಂಗಾಂಶವನ್ನು ಕೊಯ್ದು ಓದುವ ವಿದ್ಯೆ ಹೊರಗಿನಿಂದ ಬಂದುದು. ಆದರೆ ಅದರ ಕೆಲವು ಮುಖ್ಯ ಅಧ್ಯಾಯಗಳನ್ನು ನಮ್ಮ ನೆಲದಲ್ಲಿ ಬಾಳಿದವರೇ ಬರೆದರೆಂಬುದು ಗಮನಿಸತಕ್ಕ ವಿಷಯ.

೨

ಅಂಗಾಂಶವು ಸ್ವಭಾವತಃ ಬಣ್ಣವಿಲ್ಲದ್ದು. ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನೀರಿನಲ್ಲಿ ನೆನೆದ ಕಾಗದದಂತೆ ಮಸುಕಾಗಿ ತೋರುತ್ತದೆ. ೧೮೫೮ರಲ್ಲಿ ಜರ್ಮನಿಯ ರೂಡಾಲ್ಫ್ ವಿರ್ಕೋ ಎಂಬ ವೈದ್ಯನು ರೋಗದ ಮೂಲ ಜೀವಕೋಶದಲ್ಲಿದೆಯೆಂಬ ಸಿದ್ಧಾಂತವನ್ನು ಗ್ರಂಥರೂಪದಲ್ಲಿ ಮಂಡಿಸಿದನು. ಆದರೆ ಜೀವಕೋಶವನ್ನು ಸ್ಪಷ್ಟವಾಗಿ ಕಾಣಿಸಿಕೊಟ್ಟದ್ದು ಬಣ್ಣಗಾರರ ವಿದ್ಯೆ. ಮಧ್ಯ ಅಮೆರಿಕದ ಒಂದು ಮರದ ಚೆಕ್ಕೆಯಿಂದ ತೆಗೆದ ಹೆಮಟಾಕ್ಸಿಲಿನ್ ಕೋಶಕೇಂದ್ರವನ್ನು ನೀಲಿಯಾಗಿಸುತ್ತದೆ. ಇಯೊಸಿನ್ ಎಂಬ ಕೃತಕ ಬಣ್ಣ ಉಳಿದ ಭಾಗವನ್ನು ಗುಲಾಬಿಯಾಗಿಸುತ್ತದೆ. ೧೮೭೦ರ ದಶಕದಲ್ಲಿ ಜೊತೆಗೂಡಿದ ಈ ಎರಡು ಬಣ್ಣಗಳು ಇಂದಿಗೂ ಪ್ರತಿಯೊಂದು ರೋಗನಿದಾನಶಾಲೆಯಲ್ಲಿ ಬಳಕೆಯಲ್ಲಿವೆ. ಅಂಗಾಂಶದ ತುಣುಕನ್ನು ಫಾರ್ಮಲಿನ್ ದ್ರವದಲ್ಲಿ ಗಟ್ಟಿಮಾಡಿ, ಮೇಣದಲ್ಲಿ ಹುದುಗಿಸಿ, ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ತೆಳ್ಳಗೆ ಸೀಳುವುದು ಈ ಕ್ರಮ. ಹೀಗೆ ಮೇಣದಲ್ಲಿ ಹುದುಗಿದ ತುಣುಕು ದಶಕಗಳ ಕಾಲ ಕೆಡದೆ ಉಳಿಯುತ್ತದೆ. ಚರಿತ್ರಕಾರನ ದೃಷ್ಟಿಯಲ್ಲಿ ಅದು ತಾಳೆಯೋಲೆಗೆ ಕಡಮೆಯಾದ ದಾಖಲೆಯಲ್ಲ.

ಮೈಸೂರು ಸಂಸ್ಥಾನದಲ್ಲಿ ಈ ವಿದ್ಯೆಗೆ ಕ್ರಮವಾದ ಶಿಕ್ಷಣ ದೊರೆತದ್ದು ವೈದ್ಯಕೀಯ ಕಾಲೇಜಿನ ಸ್ಥಾಪನೆಯಿಂದ. ೧೯೨೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಕಾಲೇಜು ೧೯೩೦ರಲ್ಲಿ ಮೈಸೂರಿಗೆ ಬಂದಿತು; ಕೃಷ್ಣರಾಜೇಂದ್ರ ಆಸ್ಪತ್ರೆ ಅದರ ಬೋಧನಾಲಯವಾಯಿತು. ಅಲ್ಲಿಂದ ಮುಂದೆ ನಂಜನಗೂಡು ಸೀಮೆಯ ರೋಗಿಗೆ, ಸುಮಾರು ೨೪ ಕಿಲೋಮೀಟರು ದೂರದ ಮೈಸೂರಿನಲ್ಲಿಯೇ, ತನ್ನ ಗಂಟನ್ನು ಕೊಯ್ದು ನೋಡಿ ಹೆಸರು ಹೇಳಬಲ್ಲವರು ದೊರೆತಂತಾಯಿತು. ಇದೇ ಸೀಮೆಯ ಕಪಿಲಾತೀರದ ಸುತ್ತೂರು ಮಠದ ಆಶ್ರಯದಲ್ಲಿ ೧೯೫೪ರಲ್ಲಿ ಜೆ.ಎಸ್.ಎಸ್. ಮಹಾವಿದ್ಯಾಪೀಠ ರೂಪುಗೊಂಡಿತು, ೧೯೮೪ರಲ್ಲಿ ಅದರ ವೈದ್ಯಕೀಯ ಕಾಲೇಜು ಮೈಸೂರಿನಲ್ಲಿ ಆರಂಭವಾಯಿತು. ಅನ್ನದಾನ, ಅಕ್ಷರದಾನಗಳಿಗೆ ಹೆಸರಾದ ಹಳ್ಳಿಯ ಮಠವೊಂದರ ಪರಂಪರೆ ಸೂಕ್ಷ್ಮದರ್ಶಕದವರೆಗೆ ಬಂದ ಈ ಬಗೆಯನ್ನು ನಮ್ಮ ಪ್ರಾದೇಶಿಕ ಚರಿತ್ರೆ ಇನ್ನಷ್ಟು ಗಮನವಿಟ್ಟು ಬರೆಯಬೇಕಾಗಿದೆ.

೩

ಬಣ್ಣ ಹಾಕಿದ ಅಂಗಾಂಶ ತೋರುವುದು ರೂಪವನ್ನು. ರೂಪದ ಹಿಂದೆ ಅಣುವಿನ ದೋಷವಿರಬಹುದೆಂಬುದು ಮೊದಲು ಖಚಿತವಾದದ್ದು ರಕ್ತದಲ್ಲಿ. ರಕ್ತವೂ ಒಂದು ಅಂಗಾಂಶವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು. ೧೯೧೦ರಲ್ಲಿ ಅಮೆರಿಕದ ಹೆರಿಕ್ ಎಂಬ ವೈದ್ಯನು ಕುಡುಗೋಲಿನಂತೆ ಬಾಗಿದ ಕೆಂಪು ರಕ್ತಕಣಗಳನ್ನು ವರ್ಣಿಸಿದನು. ೧೯೪೯ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವನ ಸಂಗಡಿಗರು ಆ ರೋಗಿಗಳ ಹಿಮೋಗ್ಲೋಬಿನ್ ಅಣುವೇ ಬೇರೆಯೆಂದು ತೋರಿಸಿ, ಇದನ್ನು 'ಆಣವಿಕ ರೋಗ'ವೆಂದು ಕರೆದರು. ಕೆಲವೇ ವರ್ಷಗಳಲ್ಲಿ ಇನ್‌ಗ್ರಾಮ್ ಎಂಬುವನು, ನೂರಾರು ಅಮೈನೋ ಆಮ್ಲಗಳ ಆ ಅಣುವಿನ ಸರಪಣಿಯಲ್ಲಿ ಒಂದು ಸ್ಥಾನದ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕುಳಿತಿರುವುದೇ ಸಮಸ್ತ ಕೇಡಿಗೆ ಕಾರಣವೆಂದು ಸಿದ್ಧಪಡಿಸಿದನು.

ಈ ಕಥೆ ದೂರದೇಶದ್ದೆಂದು ತಿಳಿಯಬೇಕಾಗಿಲ್ಲ. ೧೯೫೨ರಲ್ಲಿ ಲೆಹ್‌ಮನ್ ಮತ್ತು ಕಟ್‌ಬುಷ್ ಎಂಬ ಇಬ್ಬರು ನೀಲಗಿರಿಯ ಗಿರಿಜನರಲ್ಲಿ ಇದೇ ಕುಡುಗೋಲು ಕಣವನ್ನು ಕಂಡರು. ಭಾರತದಲ್ಲಿ ಈ ಲಕ್ಷಣವನ್ನು ಗುರುತಿಸಿದ ಆದಿಯ ಶೋಧಗಳಲ್ಲಿ ಇದೊಂದು. ನಂಜನಗೂಡಿನಿಂದ ಗುಂಡ್ಲುಪೇಟೆ, ಬಂಡೀಪುರಗಳ ಮಾರ್ಗವಾಗಿ ಹೋಗುವ ದಾರಿ ಆ ನೀಲಗಿರಿಗೇ ಸೇರುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ೧೯೮೧ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಲ್ಲಿ ಈ ರೋಗವನ್ನು ಗುರುತಿಸಿ ಚಿಕಿತ್ಸೆಗೆ ತೊಡಗಿತು. ಪರೀಕ್ಷೆಯ ಕ್ರಮ ಬಹಳ ಸರಳ. ಒಂದು ತೊಟ್ಟು ರಕ್ತಕ್ಕೆ ಆಮ್ಲಜನಕವನ್ನು ಹೀರುವ ಲವಣದ ದ್ರಾವಣ ಸೇರಿಸಿ, ಗಾಜಿನ ಮೇಲೆ ಮುಚ್ಚಿಟ್ಟು, ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ದೋಷವುಳ್ಳ ಕಣಗಳು ಬಾಗಿಕೊಳ್ಳುತ್ತವೆ. ಅಣುವಿನ ದೋಷವನ್ನು ಬರಿಯ ರೂಪದಿಂದ ಕಾಣುವ ಈ ಉಪಾಯವನ್ನು ಅಲ್ಪವೆಚ್ಚದ ಆಣವಿಕ ಚಿತ್ರಣವೆಂದು ಕರೆದರೆ ತಪ್ಪಾಗದು. ಭಾರತ ಸರ್ಕಾರವು ೨೦೨೩ರಲ್ಲಿ ಈ ರೋಗದ ನಿರ್ಮೂಲನಕ್ಕಾಗಿ, ೨೦೪೭ನ್ನು ಗಡುವಾಗಿಟ್ಟು, ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ಪೌಲಿಂಗನ ಪ್ರಬಂಧಕ್ಕೂ ಈ ಯೋಜನೆಗೂ ನಡುವೆ ೭೪ ವರ್ಷಗಳು ಕಳೆದಿವೆ. ಅರಿವಿಗೂ ಉಪಕಾರಕ್ಕೂ ನಡುವಣ ಈ ಅಂತರವೇ ನಮ್ಮ ಸಮೀಕ್ಷೆಯುದ್ದಕ್ಕೂ ಮರಳಿ ಮರಳಿ ಎದುರಾಗುವ ಪ್ರಶ್ನೆ.

೪

ಬಣ್ಣ ಹಾಕದೆಯೇ ಅಣುವನ್ನು ಗುರುತಿಸುವ ದಾರಿಯೊಂದನ್ನು ತೆರೆದವರು ಸರ್ ಸಿ. ವಿ. ರಾಮನ್. ೧೯೨೮ರ ಫೆಬ್ರವರಿ ೨೮ರಂದು ಕಲ್ಕತ್ತೆಯಲ್ಲಿ ಅವರು, ಕೆ. ಎಸ್. ಕೃಷ್ಣನ್ನರ ಸಹಾಯದಿಂದ, ಕಂಡುಕೊಂಡ ವಿಷಯ ಇದು: ಒಂದೇ ಬಣ್ಣದ ಬೆಳಕು ವಸ್ತುವಿನ ಮೇಲೆ ಬಿದ್ದು ಚದರಿದಾಗ ಅದರ ಅತ್ಯಲ್ಪ ಭಾಗ, ಚದರಿದ ಬೆಳಕಿನ ಸುಮಾರು ಒಂದು ಕೋಟಿ ಕಣಗಳಲ್ಲಿ ಒಂದು, ಬಣ್ಣ ಬದಲಾಯಿಸಿಕೊಂಡು ಹೊರಬರುತ್ತದೆ. ಆ ಬದಲಾವಣೆಯ ಪ್ರಮಾಣವು ಅಣುವಿನೊಳಗಿನ ಕಂಪನಕ್ಕೆ ಅನುಗುಣವಾದುದು. ಪ್ರತಿಯೊಂದು ಅಣುವಿಗೂ ತನ್ನದೇ ಕಂಪನಗಳಿರುವುದರಿಂದ, ಚದರಿದ ಬೆಳಕಿನ ರೋಹಿತದಲ್ಲಿ ಮೂಡುವ ಗೆರೆಗಳು ಆ ಅಣುವಿನ ಹೆಬ್ಬೆಟ್ಟಿನ ಗುರುತಿನಂತಿರುತ್ತವೆ. ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದ ರಾಮನ್ನರು ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಬಂದರು. ೧೯೪೮ರಲ್ಲಿ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿ, ೧೯೭೦ರಲ್ಲಿ ತೀರಿಕೊಳ್ಳುವವರೆಗೆ ಬೆಂಗಳೂರಿನವರೇ ಆಗಿದ್ದರು.

ಆ ಕಾಲದಲ್ಲಿ ಈ ವಿದ್ಯೆಯನ್ನು ಅಂಗಾಂಶಕ್ಕೆ ಅನ್ವಯಿಸುವುದು ಅಸಾಧ್ಯವಾಗಿತ್ತು. ಪಾದರಸದ ದೀಪದ ಬೆಳಕಿನಲ್ಲಿ ಒಂದು ರೋಹಿತವನ್ನು ಛಾಯಾಫಲಕದ ಮೇಲೆ ಮೂಡಿಸಲು ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಕಾಯಬೇಕಾಗಿತ್ತು. ೧೯೬೦ರಲ್ಲಿ ಲೇಸರ್ ಬಂದ ಮೇಲೆ ಸ್ಥಿತಿ ಬದಲಾಯಿತು. ಲೇಸರಿನ ಕಿರಣವನ್ನು ಸೂಕ್ಷ್ಮದರ್ಶಕದ ಮೂಲಕ ಅಂಗಾಂಶದ ಒಂದೊಂದು ಬಿಂದುವಿಗೂ ಹಾಯಿಸಿ, ಬಿಂದುಬಿಂದುವಿನ ರೋಹಿತವನ್ನು ಪಡೆದು, ಅವುಗಳನ್ನು ಸಾಲಾಗಿ ಜೋಡಿಸಿದರೆ ಅಣುಗಳ ಭೂಪಟವೇ ಸಿದ್ಧವಾಗುವುದು. ಎಲ್ಲಿ ಕೊಬ್ಬು, ಎಲ್ಲಿ ಪ್ರೋಟೀನು, ಎಲ್ಲಿ ನ್ಯೂಕ್ಲಿಯಿಕ್ ಆಮ್ಲ ಎಂಬುದು ಆ ಪಟದಲ್ಲಿ ತಿಳಿಯುತ್ತದೆ.

ಕರ್ನಾಟಕದಲ್ಲಿ ಈ ವಿದ್ಯೆ ರೋಗಿಯ ಅಂಗಾಂಶವನ್ನು ಮುಟ್ಟಿದ್ದು ಮಣಿಪಾಲದಲ್ಲಿ. ಅಲ್ಲಿಯ ಲೇಸರ್ ರೋಹಿತಶಾಸ್ತ್ರ ಕೇಂದ್ರದಲ್ಲಿ ವಿ. ಬಿ. ಕರ್ತಾ, ಸಿ. ಮುರಳಿಕೃಷ್ಣ ಮತ್ತು ಅವರ ಸಂಗಡಿಗರು, ವೈದ್ಯಕೀಯ ಹಾಗೂ ದಂತವೈದ್ಯ ವಿಭಾಗಗಳೊಡನೆ ಕೂಡಿ, ಬಾಯಿಯ ಒಳಪದರದ ಅಂಗಾಂಶವನ್ನು ಪರೀಕ್ಷಿಸಿದರು. ೨೦೦೪ ಮತ್ತು ೨೦೦೬ರಲ್ಲಿ ಅವರ ಪ್ರಬಂಧಗಳು ಪ್ರಕಟವಾದವು. ಆರೋಗ್ಯವಾದ ಒಳಪದರದ ರೋಹಿತದಲ್ಲಿ ಕೊಬ್ಬಿನ ಗೆರೆಗಳು ಪ್ರಧಾನವಾಗಿದ್ದರೆ, ಕ್ಯಾನ್ಸರ್ ತಗುಲಿದ ಭಾಗದಲ್ಲಿ ಪ್ರೋಟೀನಿನ ಗೆರೆಗಳು ಎದ್ದು ಕಂಡವು. ಸಹಜ, ಉರಿಯೂತ, ಕ್ಯಾನ್ಸರಿನ ಮುನ್ಸ್ಥಿತಿ, ಕ್ಯಾನ್ಸರ್ ಎಂಬ ನಾಲ್ಕು ಅವಸ್ಥೆಗಳನ್ನು ರೋಹಿತದಿಂದಲೇ ಬೇರ್ಪಡಿಸಲು ಅವರು ಪ್ರಯತ್ನಿಸಿದರು. ಅನಂತರ ಮುರಳಿಕೃಷ್ಣ ಅವರು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರಕ್ಕೆ ಸೇರಿದ ಸಂಶೋಧನಾಲಯದಲ್ಲಿ, ಗಾಜಿನ ಎಳೆಯ ಮೂಲಕ ಲೇಸರನ್ನು ನೇರವಾಗಿ ರೋಗಿಯ ಬಾಯಿಗೇ ಹಾಯಿಸಿ, ಕೊಯ್ಯದೆ ಪರೀಕ್ಷಿಸುವ ಕ್ರಮವನ್ನು ಮುಂದುವರಿಸಿದರು. ರಾಮನ್ನರ ಗೆರೆ ಹೀಗೆ ಸುಮಾರು ಮುಕ್ಕಾಲು ಶತಮಾನದ ಮೇಲೆ ನಮ್ಮ ಜನರ ಬಾಯಿಯ ಹುಣ್ಣನ್ನು ತಲುಪಿತು. ಇದೇ ತತ್ತ್ವವನ್ನು ವೇಗವಾಗಿ ನಡೆಸುವ ಪ್ರಚೋದಿತ ರಾಮನ್ ಸೂಕ್ಷ್ಮದರ್ಶನವು ೨೦೦೮ರಲ್ಲಿ ಅಮೆರಿಕದ ಹಾರ್ವರ್ಡಿನಲ್ಲಿ ರೂಪುಗೊಂಡಿತು. ಅನಂತರ ಅಲ್ಲಿಯ ಶಸ್ತ್ರಚಿಕಿತ್ಸಾಗೃಹಗಳಲ್ಲಿ ಮೆದುಳಿನ ಗಡ್ಡೆಯನ್ನು ಕೆಲವೇ ನಿಮಿಷಗಳಲ್ಲಿ ಗುರುತಿಸಲು ಅದನ್ನು ಬಳಸಲಾಯಿತು.

೫

ಎರಡನೆಯ ದಾರಿ ಗಣಿತದ್ದು. ಅದರ ಪಥಿಕರು ಜಿ. ಎನ್. ರಾಮಚಂದ್ರನ್. ೧೯೪೨ರಲ್ಲಿ ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ವಿದ್ಯುತ್ ಎಂಜಿನಿಯರಿಂಗ್ ಕಲಿಯಲು ಬಂದ ಈ ತರುಣ ರಾಮನ್ನರ ಶಿಷ್ಯತ್ವಕ್ಕೆ ಸಂದು ಭೌತವಿಜ್ಞಾನಿಯಾದನು. ೧೯೫೪ರಲ್ಲಿ ಮದರಾಸಿನಲ್ಲಿದ್ದಾಗ, ಗೋಪಿನಾಥ ಕರ್ತಾ ಅವರೊಡನೆ, ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಮೂರು ಎಳೆಗಳನ್ನು ಹೊಸೆದ ಹುರಿಯಂತಿದೆಯೆಂದು ತೋರಿಸಿದನು. ಚರ್ಮ, ಸ್ನಾಯುರಜ್ಜು, ಎಲುಬು ಮೊದಲಾದವುಗಳಿಗೆ ಬಿಗಿಯನ್ನು ಕೊಡುವುದು ಈ ಹುರಿಯೇ. ಅಂಗಾಂಶವನ್ನು ಬಟ್ಟೆಗೆ ಹೋಲಿಸಿದರೆ ಕೊಲಾಜೆನ್ ಅದರ ನೂಲು.

ರಾಮಚಂದ್ರನ್ನರು ೧೯೭೦ರ ದಶಕದ ಆರಂಭದಲ್ಲಿ ಬೆಂಗಳೂರಿಗೆ ಮರಳಿ ಆಣವಿಕ ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ೧೯೭೧ರಲ್ಲಿ ಅವರೂ ಎ. ವಿ. ಲಕ್ಷ್ಮೀನಾರಾಯಣನ್ ಅವರೂ ಕೂಡಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅದರ ಸಮಸ್ಯೆಯನ್ನು ಹೀಗೆ ವಿವರಿಸಬಹುದು. ಒಂದು ವಸ್ತುವಿನ ನೆರಳುಗಳನ್ನು ಸುತ್ತಲಿನ ಹಲವು ದಿಕ್ಕುಗಳಿಂದ ಹಿಡಿದರೆ, ಆ ನೆರಳುಗಳಿಂದ ವಸ್ತುವಿನ ಒಳಗನ್ನು ಮರಳಿ ಕಟ್ಟುವುದು ಹೇಗೆ? ನೆರಳುಗಳನ್ನು ಹಾಗೆಯೇ ಒಂದರ ಮೇಲೊಂದು ಹರಡಿದರೆ ಚಿತ್ರ ಮಬ್ಬಾಗುತ್ತದೆ. ಹರಡುವ ಮೊದಲು ಪ್ರತಿಯೊಂದು ನೆರಳನ್ನೂ ಒಂದು ಗೊತ್ತಾದ ಗಣಿತದ ಜರಡಿಯಲ್ಲಿ ಹಾಯಿಸಿದರೆ ಮಬ್ಬು ಕಳೆದು ಒಳಗು ಸ್ಪಷ್ಟವಾಗುತ್ತದೆ. ದೀರ್ಘವಾದ ಫೂರ್ಯೇ ಗಣನೆಯ ತೊಡಕೂ ತಪ್ಪುತ್ತದೆ. ಈ ಜರಡಿಗೆ ಇಂದು ಜಗತ್ತಿನಾದ್ಯಂತ 'ರಾಮ್-ಲಾಕ್' ಎಂಬ ಹೆಸರು ನಿಂತಿದೆ. ಬೇರಿನ ಗಣಿತವನ್ನು ರಾಡನ್ ಎಂಬುವನು ೧೯೧೭ರಲ್ಲಿಯೇ ಕೊಟ್ಟಿದ್ದನು. ಖಗೋಳ ವೀಕ್ಷಣೆಗಾಗಿ ಬ್ರೇಸ್‌ವೆಲ್ ಮತ್ತು ರಿಡ್ಲ್ ೧೯೬೭ರಲ್ಲಿ ಇಂಥದೇ ಕ್ರಮವನ್ನು ಸೂಚಿಸಿದ್ದರು. ಈ ಮಾತನ್ನು ಮರೆಮಾಚದೆ ಹೇಳುವುದು ಚರಿತ್ರೆಯ ಧರ್ಮ. ಅದರಿಂದ ನಮ್ಮವರ ಹಿರಿಮೆಗೆ ಕುಂದೇನೂ ಬಾರದು.

ಅದೇ ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಹೌನ್ಸ್‌ಫೀಲ್ಡನ ಯಂತ್ರವು ರೋಗಿಯೊಬ್ಬರ ಮೆದುಳಿನ ಮೊದಲ ಅಡ್ಡಸೀಳಿನ ಚಿತ್ರವನ್ನು ತೆಗೆಯಿತು. ೧೯೭೯ರ ನೊಬೆಲ್ ಪಾರಿತೋಷಕ ಹೌನ್ಸ್‌ಫೀಲ್ಡ್ ಮತ್ತು ಕಾರ್ಮ್ಯಾಕ್ ಇವರಿಗೆ ಸಂದಿತು. ಯಂತ್ರಗಳು ಹರಡಿದಂತೆ ಮೊದಲಿನ ನಿಧಾನವಾದ ಗಣನೆಯ ಸ್ಥಾನದಲ್ಲಿ ಜರಡಿಯ ಕ್ರಮವೇ ದಶಕಗಳ ಕಾಲ ನೆಲೆನಿಂತಿತು. ಇಲ್ಲೊಂದು ವಿಶೇಷವನ್ನು ಗಮನಿಸಬೇಕು. ರಾಮಚಂದ್ರನ್ನರ ಪ್ರಬಂಧದ ಶೀರ್ಷಿಕೆಯಲ್ಲಿ ಕ್ಷ-ಕಿರಣ ಚಿತ್ರ ಹಾಗೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರ ಎಂಬ ಎರಡರ ಹೆಸರೂ ಇವೆ. ಮೊದಲನೆಯದು ಇಡೀ ದೇಹಕ್ಕೆ, ಎರಡನೆಯದು ಅಣುಗಳ ಜೋಡಣೆಗೆ ಸಂಬಂಧಿಸಿದ್ದು. ದೇಹವನ್ನೂ ಅಣುವನ್ನೂ ಒಂದೇ ಗಣಿತದಿಂದ ಕಾಣಬಹುದೆಂಬ ತಿಳಿವು ಅಲ್ಲಿಯೇ ಇತ್ತು.

ಆ ತಿಳಿವು ಫಲಿಸಿದ ಒಂದು ಬಗೆ ಪಾಸಿಟ್ರಾನ್ ಚಿತ್ರಣ. ವಿಕಿರಣ ಸೂಸುವ ಫ್ಲೋರಿನ್-೧೮ನ್ನು ಸಕ್ಕರೆಯಂಥ ಅಣುವಿಗೆ ಕಟ್ಟಿ ದೇಹಕ್ಕೆ ಸೇರಿಸಿದರೆ, ಹೆಚ್ಚು ಸಕ್ಕರೆಯನ್ನು ಹೀರುವ ಕ್ಯಾನ್ಸರ್ ಅಂಗಾಂಶ ಚಿತ್ರದಲ್ಲಿ ಬೆಳಗುತ್ತದೆ. ೧೯೭೬ರಲ್ಲಿ ಮನುಷ್ಯರಲ್ಲಿ ಮೊದಲು ಬಳಕೆಯಾದ ಈ ಕ್ರಮ ಭಾರತಕ್ಕೆ ೨೦೦೨ರಲ್ಲಿ ಮುಂಬಯಿಯ ಮೂಲಕ ಬಂದಿತು. ಫ್ಲೋರಿನ್-೧೮ರ ಅರ್ಧಾಯು ಸುಮಾರು ೧೧೦ ನಿಮಿಷ. ಎಂದರೆ ತಯಾರಾದ ವಸ್ತುವಿನಲ್ಲಿ ಮೂರು ಗಂಟೆ ನಲವತ್ತು ನಿಮಿಷಗಳ ಮೇಲೆ ಕಾಲುಭಾಗ ಮಾತ್ರ ಉಳಿಯುತ್ತದೆ. ಆದಕಾರಣ ಇಂಥ ಯಂತ್ರಗಳು ಸೈಕ್ಲೋಟ್ರಾನ್ ಇರುವ ಮಹಾನಗರಗಳ ಸುತ್ತಮುತ್ತಲೇ ನೆಲಸುವುದು ಅನಿವಾರ್ಯ. ಅಣು ಹಳ್ಳಿಗೆ ಬರಲಾರದು. ರೋಗಿಯೇ ಅಣುವಿನ ಬಳಿಗೆ ಹೋಗಬೇಕು. ಹೋಗಲು ಶಕ್ತಿ, ಹಣ, ಜೊತೆಯ ಜನ, ಕಳೆದ ಕೂಲಿ ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

೬

ಮೂರನೆಯ ದಾರಿ ತೂಕದ್ದು. ೧೯೪೧ರಲ್ಲಿ ಆಲ್ಬರ್ಟ್ ಕೂನ್ಸ್ ಎಂಬುವನು ಪ್ರತಿಕಾಯಕ್ಕೆ ಹೊಳೆಯುವ ಬಣ್ಣವನ್ನು ಕಟ್ಟಿ, ಅಂಗಾಂಶದಲ್ಲಿ ಬೇಕಾದ ಒಂದು ಅಣುವನ್ನು ಮಾತ್ರ ಬೆಳಗಿಸುವ ಉಪಾಯವನ್ನು ತಂದಿದ್ದನು. ಅದರಲ್ಲಿ ಯಾವ ಅಣುವನ್ನು ಹುಡುಕುತ್ತಿದ್ದೇವೆಂದು ಮೊದಲೇ ತಿಳಿದಿರಬೇಕು. ೧೯೯೭ರಲ್ಲಿ ರಿಚರ್ಡ್ ಕಾಪ್ರಿಯೊಲಿ ಪ್ರಕಟಿಸಿದ ಕ್ರಮದಲ್ಲಿ ಆ ನಿರ್ಬಂಧವಿಲ್ಲ. ಅಂಗಾಂಶದ ಸೀಳಿನ ಮೇಲೆ ಒಂದು ಹರಳಿನ ಲೇಪವನ್ನು ಕೊಟ್ಟು, ಲೇಸರಿನಿಂದ ಬಿಂದುಬಿಂದುವನ್ನೂ ತಾಕಿಸಿ, ಮೇಲೆ ಚಿಮ್ಮಿದ ಅಣುಗಳನ್ನು ತೂಗಿ, ತೂಕದ ಪ್ರಕಾರ ನೂರಾರು ಭೂಪಟಗಳನ್ನು ಒಂದೇ ಸೀಳಿನಿಂದ ಪಡೆಯಬಹುದು. ಒಂದು ಔಷಧ ನಿಜವಾಗಿ ಗಡ್ಡೆಯೊಳಗೆ ಇಳಿದಿದೆಯೇ, ಇಲ್ಲ ಅಂಚಿನಲ್ಲಿಯೇ ನಿಂತಿದೆಯೇ ಎಂಬ ಪ್ರಶ್ನೆಗೆ ಉತ್ತರಿಸಬಲ್ಲುದರಿಂದ ಈ ಕ್ರಮಕ್ಕೆ ಚಿಕಿತ್ಸೆಯಲ್ಲಿಯೂ ಸ್ಥಾನವಿದೆ.

ಆದರೆ ಈ ಎಲ್ಲ ಯಂತ್ರಗಳಿಗೂ ಮೊದಲು ಬೇಕಾದುದು ಅಂಗಾಂಶ. ಅದು ಯಾರದು, ಯಾವ ನಾಡಿನದು, ಯಾವ ಆಹಾರ ಮತ್ತು ಯಾವ ರೋಗಗಳ ನಡುವೆ ಬಾಳಿದವರದು ಎಂಬ ವಿಚಾರ ಅಲ್ಪವಲ್ಲ. ೧೯೯೫ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಎಸ್. ಕೆ. ಶಂಕರ್ ಅವರ ನೇತೃತ್ವದಲ್ಲಿ ಮಾನವ ಮೆದುಳಿನ ಅಂಗಾಂಶ ಭಂಡಾರ ಸ್ಥಾಪಿತವಾದುದನ್ನು ಈ ದೃಷ್ಟಿಯಿಂದ ನಾವು ಒಂದು ಮಹತ್ತ್ವದ ಚಾರಿತ್ರಿಕ ಘಟನೆಯೆಂದು ಎಣಿಸುತ್ತೇವೆ. ದುಃಖದ ಗಳಿಗೆಯಲ್ಲಿ ಒಪ್ಪಿಗೆಯಿತ್ತ ಮನೆಯವರ ದಾನದಿಂದ ಬೆಳೆದ ಈ ಭಂಡಾರ ದೇಶದ ಸಂಶೋಧಕರಿಗೆ ದೇಶದ ಅಂಗಾಂಶವನ್ನೇ ಒದಗಿಸಿತು. ನಮ್ಮ ಪ್ರಾಚ್ಯ ಗ್ರಂಥಭಂಡಾರಗಳು ಸಾಹಿತ್ಯ ಸಂಶೋಧನೆಗೆ ಮಾಡಿದ ಉಪಕಾರವನ್ನೇ ಇಂಥ ಭಂಡಾರಗಳು ರೋಗಸಂಶೋಧನೆಗೆ ಮಾಡುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ೨೦೧೭ರ ನೀತಿಸೂತ್ರಗಳು ಅಂಗಾಂಶ ಕೊಡುವವರ ತಿಳಿವಳಿಕೆಯುಳ್ಳ ಒಪ್ಪಿಗೆಯನ್ನು ಕಡ್ಡಾಯವೆಂದು ವಿಧಿಸಿವೆ. ಒಪ್ಪಿಗೆಯು ತಿಳಿವಳಿಕೆಯುಳ್ಳದ್ದಾಗಬೇಕಾದರೆ ವಿಷಯವನ್ನು ರೋಗಿಯ ಭಾಷೆಯಲ್ಲಿ ಹೇಳಬಲ್ಲ ಮಾತುಗಳು ಇರಬೇಕು. ಕನ್ನಡದ ಅಧ್ಯಾಪಕರಿಗೆ ಇದರಲ್ಲಿ ಪಾಲಿದೆ.

೭

ಇನ್ನು ಬಿಳಿಗೆರೆಗೆ ಮರಳೋಣ. ಮೈಸೂರು-ನಂಜನಗೂಡು ರಸ್ತೆಯ ಬದಿಯ ವೀಳ್ಯದೆಲೆಯ ತೋಟಗಳು ಪ್ರಸಿದ್ಧವಾದವು. ಮೈಸೂರಿನ ಚಿಗುರೆಲೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಅದೇ ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಎಲೆ, ಅಡಿಕೆ, ಸುಣ್ಣ ಇವುಗಳ ಜೊತೆಗೆ ಹೊಗೆಸೊಪ್ಪನ್ನೋ ಕಡ್ಡಿಪುಡಿಯನ್ನೋ ಬಾಯಿಗೆ ಹಾಕಿಕೊಳ್ಳುವುದು ಈ ಸೀಮೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬಹುಕಾಲದ ರೂಢಿ. ಎಲೆಯಡಿಕೆ ನಮ್ಮಲ್ಲಿ ಮಂಗಳದ ಗುರುತು. ಅದಿಲ್ಲದೆ ಮದುವೆಯಿಲ್ಲ, ಬಾಗಿನವಿಲ್ಲ. ಆದರೆ ಹೊಗೆಸೊಪ್ಪು ಬೆರೆಸಿದ ತಾಂಬೂಲ ಕ್ಯಾನ್ಸರಿಗೆ ಕಾರಣವೆಂದು ೧೯೮೫ರಲ್ಲಿಯೂ, ಹೊಗೆಸೊಪ್ಪಿಲ್ಲದ ತಾಂಬೂಲವೂ ಬರಿಯ ಅಡಿಕೆಯೂ ಹಾಗೆಯೇ ಎಂದು ೨೦೦೪ರಲ್ಲಿಯೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಗ್ರಂಥಗಳು ಸಾರಿದವು. ೨೦೧೩ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ಮಾರಾಟವನ್ನು ನಿಷೇಧಿಸಿತು.

ಅಡಿಕೆಯನ್ನು ಬಹುಕಾಲ ಅಗಿಯುವವರಲ್ಲಿ ಕೆಲವರಿಗೆ ಬಾಯಿ ಬಿಗಿಯುತ್ತಾ ಬಂದು, ಕೊನೆಗೆ ತುತ್ತು ಇಡುವಷ್ಟೂ ತೆರೆಯದಂತಾಗುವುದುಂಟು. ೧೯೫೨ರಲ್ಲಿ ಷ್ವಾರ್ಟ್ಸ್ ಎಂಬುವನು ಪೂರ್ವ ಆಫ್ರಿಕದಲ್ಲಿ ನೆಲಸಿದ್ದ ಭಾರತೀಯ ಸ್ತ್ರೀಯರಲ್ಲಿ ಈ ಸ್ಥಿತಿಯನ್ನು ವರ್ಣಿಸಿದನು. ೧೯೫೩ರಲ್ಲಿ ಮುಂಬಯಿಯ ವೈದ್ಯ ಜೋಶಿಯವರು ಅದನ್ನು ನಮ್ಮ ದೇಶದಲ್ಲಿಯೇ ಗುರುತಿಸಿದರು. ಇದರಿಂದ ಕ್ಯಾನ್ಸ‌ರ್ ಹುಟ್ಟುವ ಅಪಾಯವೂ ಇದೆ. ಇಲ್ಲಿ ಕೆಟ್ಟಿರುವುದು ಯಾವುದು? ಬಾಯಿಯ ಒಳಪದರದ ಕೆಳಗೆ ಮಿತಿಮೀರಿ ಕೂಡಿಕೊಂಡ ಕೊಲಾಜೆನ್. ರಾಮಚಂದ್ರನ್ನರು ಬಿಡಿಸಿ ತೋರಿಸಿದ ಆ ಮೂರೆಳೆಯ ಹುರಿಯೇ ಇಲ್ಲಿ ಬಾಯಿಯನ್ನು ಕಟ್ಟಿಹಾಕಿದೆ. ಅದನ್ನು ಬಣ್ಣವಿಲ್ಲದೆ ಗುರುತಿಸುವ ಸಾಧನ ರಾಮನ್ನರ ಗೆರೆ. ಗುರು ಮತ್ತು ಶಿಷ್ಯರ ಎರಡು ಶೋಧಗಳು ಹಳ್ಳಿಯ ಒಬ್ಬ ಕೂಲಿಕಾರನ ಬಾಯಿಯಲ್ಲಿ ಸಂಧಿಸುತ್ತವೆಂಬುದು ನಮ್ಮ ವಿಜ್ಞಾನದ ಚರಿತ್ರೆಯ ಹೆಮ್ಮೆಯೂ ಹೌದು, ಎಚ್ಚರಿಕೆಯೂ ಹೌದು.

ಎಚ್ಚರಿಕೆ ಎಂದದ್ದಕ್ಕೆ ಕಾರಣವಿದೆ. ೧೯೯೬ರಲ್ಲಿ ನೆರೆಯ ಕೇರಳದ ತಿರುವನಂತಪುರ ಜಿಲ್ಲೆಯ ೧೩ ಪಂಚಾಯತಿಗಳಲ್ಲಿ ಒಂದು ದೊಡ್ಡ ಪ್ರಯೋಗ ಆರಂಭವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ, ಬೆಳಕು ಹಿಡಿದು, ಬರಿಗಣ್ಣಿನಿಂದ ಜನರ ಬಾಯಿಯನ್ನು ಪರೀಕ್ಷಿಸಿದರು. ಬಿಳಿಯ ಮಚ್ಚೆ, ಕೆಂಪು ಮಚ್ಚೆ, ಆರದ ಹುಣ್ಣು ಕಂಡವರನ್ನು ವೈದ್ಯರ ಬಳಿಗೆ ಕಳುಹಿಸಿದರು. ೨೦೦೫ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಹೊಗೆಸೊಪ್ಪು ಅಥವಾ ಮದ್ಯದ ರೂಢಿಯಿದ್ದವರಲ್ಲಿ ಬಾಯಿಯ ಕ್ಯಾನ್ಸರಿನ ಮರಣ ಸುಮಾರು ಮೂರರಲ್ಲೊಂದು ಭಾಗದಷ್ಟು ಇಳಿಯಿತು. ಇಲ್ಲಿ ಲೇಸರಿಲ್ಲ, ಸೈಕ್ಲೋಟ್ರಾನಿಲ್ಲ; ಇದ್ದದ್ದು ಒಂದು ದೀಪ, ತಿಳಿದ ಕಣ್ಣು, ಬಾಗಿಲಿಗೆ ಬಂದ ಕಾಲು.

ಹಾಗಾದರೆ ಅಣುವಿನ ಚಿತ್ರ ವ್ಯರ್ಥವೇ? ಅಲ್ಲ. ಬಿಳಿಯ ಮಚ್ಚೆಗಳಲ್ಲಿ ಯಾವುದು ಕ್ಯಾನ್ಸರಾಗಿ ತಿರುಗುವುದು, ಯಾವುದು ಹಾಗೆಯೇ ನಿಲ್ಲುವುದು ಎಂಬುದನ್ನು ಬರಿಗಣ್ಣು ಹೇಳಲಾರದು. ಬಣ್ಣ ಹಾಕಿದ ಸೀಳೂ ಎಷ್ಟೋ ವೇಳೆ ನಿಶ್ಚಯವಾಗಿ ಹೇಳಲಾರದು. ಕೊಯ್ಯಬೇಕಾದವನನ್ನು ಬಿಟ್ಟು ಬೇಡವಾದವನನ್ನು ಕೊಯ್ಯುವ ಅನ್ಯಾಯವನ್ನು ತಪ್ಪಿಸಲು ಅಣುವಿನ ಸಾಕ್ಷ್ಯ ಬೇಕು. ಕಣ್ಣು ಮತ್ತು ಯಂತ್ರ ಪರಸ್ಪರ ಪ್ರತಿಸ್ಪರ್ಧಿಗಳಲ್ಲ. ಒಂದು ಆರಿಸುವುದು, ಇನ್ನೊಂದು ತೀರ್ಮಾನಿಸುವುದು. ಆರಿಸುವವರಿಲ್ಲದ ಕಡೆ ತೀರ್ಮಾನಿಸುವ ಯಂತ್ರಕ್ಕೆ ತಲುಪುವುದು ಕೈಮೀರಿದ ರೋಗವೇ.

ಇದುವರೆಗಿನ ವಿವೇಚನೆಯಿಂದ ಮೂರು ಅಂಶಗಳು ಹೊರಡುತ್ತವೆ. ಮೊದಲನೆಯದಾಗಿ, ಅಂಗಾಂಶವನ್ನು ಕಾಣುವ ವಿದ್ಯೆಗೆ ಬೆಳಕು ಮತ್ತು ಗಣಿತಗಳೆಂಬ ಎರಡು ದಾರಿಗಳಲ್ಲಿ ನಮ್ಮ ನೆಲದವರು ಅಲ್ಪ ಸಾಧನಗಳಿಂದ ಮೂಲಭೂತವಾದ ಕಾಣಿಕೆಯಿತ್ತರು. ಆದರೆ ಯಂತ್ರಗಳಾಗಿ ಅವು ಬಹುಮಟ್ಟಿಗೆ ಹೊರದೇಶದಿಂದ ಮರಳಿ ಬಂದವು. ಎರಡನೆಯದಾಗಿ, ಅರಿವು ಹುಟ್ಟಿದ ವರ್ಷಕ್ಕೂ ಅದು ರೋಗಿಯನ್ನು ಮುಟ್ಟಿದ ವರ್ಷಕ್ಕೂ ನಡುವಣ ಅಂತರವನ್ನು ಅಳೆಯುವುದೇ ವೈದ್ಯವಿಜ್ಞಾನದ ಚರಿತ್ರಕಾರನ ಮುಖ್ಯ ಕೆಲಸವಾಗಬೇಕು. ಮೂರನೆಯದಾಗಿ, ನಮ್ಮ ವೈದ್ಯಕೀಯ ಕಾಲೇಜುಗಳಲ್ಲಿರುವ ಮೇಣದ ತುಂಡುಗಳನ್ನೂ ಗಾಜಿನ ಸೀಳುಗಳನ್ನೂ ಅವುಗಳ ನೋಂದಣಿ ಪುಸ್ತಕಗಳನ್ನೂ ಈ ಪ್ರದೇಶದ ಜನಜೀವನದ ದಾಖಲೆಗಳೆಂದು ತಿಳಿದು ಕಾಪಾಡಬೇಕು. ಯಾವ ಊರಿನಲ್ಲಿ, ಯಾವ ಕಸುಬಿನವರಲ್ಲಿ, ಯಾವ ದಶಕದಲ್ಲಿ ಯಾವ ರೋಗವಿತ್ತೆಂಬುದನ್ನು ಅವು ಹೇಳಬಲ್ಲವು. ಇಂದಿನ ಉಪಕರಣಗಳು ಆ ಹಳೆಯ ತುಣುಕುಗಳನ್ನೂ ಹೊಸದಾಗಿ ಓದಬಲ್ಲವು.

ಈ ಕೆಲಸದಲ್ಲಿ ಕಾಲೇಜಿನ ವಿದ್ಯಾರ್ಥಿಗೂ ಮಾಡಲು ಸಾಧ್ಯವಾದದ್ದುಂಟು. ರಜೆಗೆ ಊರಿಗೆ ಹೋದಾಗ ಮನೆಯ ಹಿರಿಯರ ಬಾಯಿಯನ್ನು ಬೆಳಕಿನಲ್ಲಿ ನೋಡುವುದು, ಎರಡು ಮೂರು ವಾರಗಳಾದರೂ ಆರದ ಹುಣ್ಣನ್ನು ಕಂಡರೆ ಅವರನ್ನು ಒಪ್ಪಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಇದಕ್ಕೆ ಪದವಿ ಬೇಕಾಗಿಲ್ಲ. ಬಿಳಿಗೆರೆಯಿಂದ ಮೈಸೂರಿನ ಆಸ್ಪತ್ರೆಗೆ ಹೋಗುವ ದಾರಿ ದೂರವಾದುದಲ್ಲ. ಹೊರಡುವ ದಿನ ತಡವಾಗದಿರಲಿ ಎಂಬುದಷ್ಟೇ ಈ ಚರಿತ್ರೆ ನಮಗೆ ಕಲಿಸುವ ಪಾಠ.